ವಾಟ್ಸಾಪಿಗೆ ಬಂದ ಟ್ರೇನ್ ಟಿಕೆಟ್ ನಂಬಿ ಮನೆ ಬಿಡಬೇಡಿ

ದಾವಣಗೆರೆಯಿಂದ ಶನಿವಾರ ಭಾನುವಾರಕ್ಕೆ ಮೈಸೂರು ಕಡೆ ಹೊರಡೋರು ಇದನ್ನು ದಯವಿಟ್ಟು ಪೂರ್ತಿ ಓದಿ. ಅದರಲ್ಲೂ ವಯಸ್ಸಾದವರನ್ನು, ಮಕ್ಕಳನ್ನು ಕರ್ಕೊಂಡು ಹೋಗೋರು. "ಕನ್ಫರ್ಮ್ ಟಿಕೆಟ್ ಮಾಡಿಸಿಕೊಡ್ತೀನಿ" ಅಂತ ಜಾಸ್ತಿ ದುಡ್ಡು ಇಸ್ಕೊಂಡು ಕೈ ಎತ್ತೋರು ನಮ್ಮೂರಲ್ಲೂ ಇದ್ದಾರೆ.

ನಮ್ಮ ಅತ್ತೆಗೆ ಮೈಸೂರು ಅರಮನೆಯ ದೀಪ ನೋಡಬೇಕು ಅಂತ ಬಹಳ ದಿನದ ಆಸೆ. ಭಾನುವಾರ ಸಂಜೆ ದೀಪ ಹಾಕುತ್ತಾರಲ್ವಾ, ಅದಕ್ಕೇ ವಾರದ ಕೊನೆ ಆರಿಸಿಕೊಂಡೆವು. ಶುಕ್ರವಾರ ರಾತ್ರಿ ಟ್ರೇನ್ ಹತ್ತಿ ಮಲಗಿದರೆ ಬೆಳಿಗ್ಗೆ ಮೈಸೂರು. ಶನಿವಾರ ಬೆಟ್ಟ, ಮೃಗಾಲಯ. ಭಾನುವಾರ ಅರಮನೆ. ಅತ್ತೆಗೆ ಮಂಡಿ ನೋವು, ಬಸ್ಸಲ್ಲಿ ರಾತ್ರಿಯಿಡೀ ಕೂರೋಕೆ ಆಗಲ್ಲ. ಸ್ಲೀಪರ್‌ನಲ್ಲಿ ಕೆಳಗಿನ ಬರ್ತ್ ಬೇಕೇ ಬೇಕಿತ್ತು.

ಆನ್‌ಲೈನ್‌ನಲ್ಲಿ ನೋಡಿದರೆ ಬರೀ ವೇಯ್ಟಿಂಗ್. ಪರಿಚಯದವರೊಬ್ಬರು ಒಂದು ಅಂಗಡಿ ಹೇಳಿದರು. ಜೆರಾಕ್ಸು, ರೀಚಾರ್ಜು, ಜೊತೆಗೆ ಟಿಕೆಟ್ ಬುಕಿಂಗ್. ಅಂಗಡಿಯವನು ನಮ್ಮನೆಯವರಿಗೆ ಹೇಳಿದ್ದು: "ನಮ್ಮ ಹತ್ರ ಕೋಟಾ ಇದೆ ಅಣ್ಣ, ಲೋಯರ್ ಬರ್ತೇ ಹಾಕಿಸ್ತೀನಿ, ಟೆನ್ಶನ್ ಬಿಡಿ." ಟಿಕೆಟ್ ದುಡ್ಡಿನ ಮೇಲೆ ತಲೆಗೆ 300 ರೂಪಾಯಿ. ಫೋನ್‌ಪೇ ಮಾಡಿದ ಮೇಲೆ ವಾಟ್ಸಾಪಿಗೆ ಟಿಕೆಟ್ ಫೋಟೋ ಬಂತು. ನಮ್ಮೆಲ್ಲರ ಹೆಸರು, ವಯಸ್ಸು, ಬೋಗಿ, ಬರ್ತ್ ನಂಬರ್ ಎಲ್ಲಾ ಸರಿಯಾಗಿತ್ತು.

ಟ್ರೇನ್ ಹತ್ತಿ ನಮ್ಮ ಬರ್ತ್ ಹತ್ರ ಹೋದರೆ ಅಲ್ಲಿ ಹುಬ್ಬಳ್ಳಿಯಿಂದ ಬಂದವರು ಮಲಗಿದ್ದರು. ಎಬ್ಬಿಸಿದೆವು. ಅವರ ಹತ್ರಾನೂ ಅದೇ ನಂಬರಿನ ಟಿಕೆಟ್. ಟಿಸಿ ಬಂದು ಕೈಯಲ್ಲಿದ್ದ ಮಷೀನ್‌ನಲ್ಲಿ ನಮ್ಮ ಪಿಎನ್ಆರ್, ಅಂದರೆ ಟಿಕೆಟ್ ಮೇಲಿನ ಬುಕಿಂಗ್ ನಂಬರ್, ಹಾಕಿ ನೋಡಿದರು. "ನಂಬರ್ ಅಸಲಿನೇ ಇದೆಯಮ್ಮ. ಆದ್ರೆ ಇದು ವೇಯ್ಟಿಂಗ್ ಟಿಕೆಟ್. ಚಾರ್ಟ್ ಆದಾಗ ತಾನಾಗೇ ಕ್ಯಾನ್ಸಲ್ ಆಗಿದೆ" ಅಂದರು. ಚಾರ್ಟ್ ಅಂದರೆ ಟ್ರೇನ್ ಹೊರಡೋಕೆ ಮುಂಚೆ ಬರ್ತ್ ಹಂಚಿ ಮಾಡೋ ಪಟ್ಟಿ. ಹಾಗಾಗಿ ಆ ಕ್ಷಣಕ್ಕೆ ನಾವು ಟಿಕೆಟ್ ಇಲ್ಲದೆ ಟ್ರೇನ್ ಹತ್ತಿದವರು. ಟಿಕೆಟ್ ದರ, ಅದರ ಮೇಲೆ ದಂಡ. ದಂಡ ಅಂದರೆ ಅಷ್ಟೇ ದರ ಇನ್ನೊಮ್ಮೆ, ಇಲ್ಲಾ 250 ರೂಪಾಯಿ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದು, ಒಬ್ಬೊಬ್ಬರಿಗೂ. ಟಿಸಿ ಮೇಲೆ ನನಗೆ ಸಿಟ್ಟಿಲ್ಲ. ಮಕ್ಕಳ ಮುಖ ನೋಡಿ ಪಾಪ ಅವರೂ ಖಾಲಿ ಬರ್ತ್ ಹುಡುಕಿದರು. ಒಂದೂ ಇರಲಿಲ್ಲ.

ಚಿಕ್ಕಜಾಜೂರಿನಲ್ಲಿ ಇಳಿದು ಜನರಲ್ ಬೋಗಿಗೆ ಓಡಿದೆವು. ಕಾಲಿಡೋಕೂ ಜಾಗ ಇಲ್ಲ. ಅತ್ತೆ ಟಾಯ್ಲೆಟ್ ಪಕ್ಕದಲ್ಲಿ ಬ್ಯಾಗಿನ ಮೇಲೆ ಕೂತರು. ಮಂಡಿ ಮಡಚೋಕೆ ಆಗದೆ ಒಂದು ಕಾಲು ದಾರಿಗೆ ಚಾಚಿದ್ದರು. ಹೋಗಿ ಬರೋರೆಲ್ಲಾ ಅದನ್ನು ದಾಟಿಕೊಂಡೇ ಹೋಗೋರು. ಪ್ರತಿ ಸಲ ಅವರು ಕಣ್ಣು ಮುಚ್ಚಿಕೊಳ್ಳೋರು. ಅರಸೀಕೆರೆ ಬರುವಷ್ಟರಲ್ಲಿ "ಸಾಕವ್ವ, ಮನಿಗೆ ಹೋಗಾನ ನಡಿ" ಅಂದರು. ಇಳಿದುಬಿಟ್ಟೆವು. ಅರಮನೆಯೂ ಇಲ್ಲ, ಬೆಟ್ಟವೂ ಇಲ್ಲ.

ಬೆಳಗಾಗೋವರೆಗೂ ಅರಸೀಕೆರೆ ವೇಯ್ಟಿಂಗ್ ರೂಮಿನಲ್ಲಿ ಕೂತು ಆ ಫೋಟೋ ದೊಡ್ಡದು ಮಾಡಿ ನೋಡಿದೆ. ಬೋಗಿ, ಬರ್ತ್ ನಂಬರ್ ಇದ್ದ ಜಾಗದ ಅಕ್ಷರ ಉಳಿದ ಅಕ್ಷರಗಳಿಗಿಂತ ಸ್ವಲ್ಪ ದಪ್ಪ. ಅದರ ಹಿಂದಿನ ಬಿಳಿಯೂ ಒಂಚೂರು ಬೇರೆ. ಟಿಕೆಟ್‌ನ ಕೆಳಭಾಗವನ್ನು ಅಂಗಡಿಯವನು ಪೂರ್ತಿ ಕತ್ತರಿಸಿದ್ದ. ಯಾಕೆ ಅಂತ ಆಮೇಲೆ ಗೊತ್ತಾಯಿತು. ಯಾರಾದರೂ ರೈಲ್ವೆ ಬುಕಿಂಗ್ ವೆಬ್‌ಸೈಟಿನ ತಮ್ಮ ಸ್ವಂತ ಐಡಿಯಲ್ಲಿ ಮಾಡಿದ ಟಿಕೆಟ್ ಆದರೆ, ಇದನ್ನು ಮಾರೋದು ಕೊಳ್ಳೋದು ರೈಲ್ವೆ ಕಾಯ್ದೆ 1989ರ ಸೆಕ್ಷನ್ 143ರ ಪ್ರಕಾರ ಅಪರಾಧ ಅಂತ ಕೆಳಗೆ ಅಚ್ಚಾಗಿರುತ್ತೆ. ಅನುಮತಿ ಇರೋ ಏಜೆಂಟ್ ಮಾಡಿದ್ದಾದರೆ ಏಜೆಂಟ್ ವಿವರ ಟಿಕೆಟ್ ಮೇಲೇ ಇರುತ್ತೆ.

ಇನ್ನೊಂದು ವಿಷಯ ಕೇಳಿದರೆ ಹೊಟ್ಟೆ ಉರಿಯುತ್ತೆ. ಆನ್‌ಲೈನ್ ವೇಯ್ಟಿಂಗ್ ಟಿಕೆಟ್ ತಾನಾಗೇ ಕ್ಯಾನ್ಸಲ್ ಆದರೆ ದುಡ್ಡು ವಾಪಸ್ ಹೋಗೋದು ಬುಕ್ ಮಾಡಿದವನ ಖಾತೆಗೆ. ಅಂದರೆ ರೈಲ್ವೆಯಿಂದಲೂ ಅವನಿಗೇ ಬಂತು, ನಾವು ಕೊಟ್ಟಿದ್ದೂ ಅವನ ಹತ್ರಾನೇ ಉಳಿಯಿತು. ಕೇಳೋಕೆ ಹೋದರೆ "ಸರ್ವರ್ ಪ್ರಾಬ್ಲಂ" ಅಂದ. ಆಮೇಲೆ ಫೋನ್ ಎತ್ತೋದೇ ಬಿಟ್ಟ.

ಹಾಗಾಗಿ ಕೇಳ್ಕೊಳ್ಳೋದು ಇಷ್ಟೇ. ಯಾರೇ ಟಿಕೆಟ್ ಮಾಡಿಕೊಟ್ಟರೂ, ಮನೆ ಬಿಡೋಕೆ ಮುಂಚೆ, ಚಾರ್ಟ್ ಆದ ಮೇಲೆ, ಹತ್ತಂಕಿಯ ಪಿಎನ್ಆರ್ ಅನ್ನು ನೀವೇ ಹಾಕಿ ನೋಡಿ. ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿದರೂ ಹೇಳುತ್ತಾರೆ. ಬುಕ್ ಮಾಡುವಾಗ ನಿಮ್ಮ ಮೊಬೈಲ್ ನಂಬರನ್ನೇ ಕೊಡಿಸಿ, ಮೆಸೇಜ್ ನೇರವಾಗಿ ನಿಮಗೇ ಬರಲಿ. ಆರ್‌ಎಸಿ ಅಂತ ಇದ್ದರೆ ಹತ್ತಬಹುದು, ಕೂರೋಕೆ ಸೀಟು ಸಿಗುತ್ತೆ. ವೇಯ್ಟಿಂಗ್ ಅಂತಲೇ ಉಳಿದಿದ್ದರೆ ಹತ್ತಲೇಬೇಡಿ. "ನನ್ನ ಹತ್ರ ಕೋಟಾ ಇದೆ" ಅನ್ನೋದು ಶುದ್ಧ ಸುಳ್ಳು, ಅಂಗಡಿಯವನಿಗೆ ಯಾವ ಕೋಟಾನೂ ಇರಲ್ಲ. ಕೆಳಗಿನ ಬರ್ತ್ ಕೋಟಾ ಇರೋದು 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ. ಅದೂ ಒಂದು ಟಿಕೆಟ್‌ನಲ್ಲಿ ಒಬ್ಬರೋ ಇಬ್ಬರೋ ಇದ್ದಾಗ ಮಾತ್ರ. ಮನೆಮಂದಿಯನ್ನೆಲ್ಲಾ ಒಂದೇ ಟಿಕೆಟ್‌ಗೆ ಸೇರಿಸಿದರೆ ಸಿಗಲ್ಲ, ಹಿರಿಯರದ್ದು ಬೇರೆ ಮಾಡಿಸಿ.

ನಿಮಗೆ ಈಗಾಗಲೇ ಹೀಗೆ ಆಗಿದ್ದರೆ ಚಾಟ್ ಅಳಿಸಬೇಡಿ. ಟಿಕೆಟ್ ಫೋಟೋ, ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್, ಟಿಸಿ ಕೊಟ್ಟ ದಂಡದ ರಸೀದಿ ಎತ್ತಿಟ್ಟುಕೊಳ್ಳಿ. ಸ್ಟೇಷನ್‌ನಲ್ಲಿರೋ ರೈಲ್ವೆ ರಕ್ಷಣಾ ಪಡೆಗೆ (ಆರ್‌ಪಿಎಫ್) ದೂರು ಕೊಡಿ, ಆನ್‌ಲೈನ್‌ನಲ್ಲಿ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಫೋನ್ ಮಾಡಿ. ಸೆಕ್ಷನ್ 143ರಲ್ಲಿ 3 ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ ಹಾಕೋಕೆ ಅವಕಾಶ ಇದೆ. ನಾವು ದೂರು ಕೊಟ್ಟಿದ್ದೇವೆ, ದುಡ್ಡು ಇನ್ನೂ ಬಂದಿಲ್ಲ. ಇದೇ ತರಹ ಮೋಸ ಹೋದ ದಾವಣಗೆರೆಯವರು ಬೇರೆ ಯಾರಾದರೂ ಇದ್ದರೆ ನೀವೂ ದೂರು ಕೊಡಿ. ಒಂದೇ ಮನೆಯ ದೂರಿಗಿಂತ ನಾಲ್ಕು ಮನೆಯ ದೂರಿಗೆ ಬೆಲೆ ಜಾಸ್ತಿ.