ಪೆಟ್ರೋಲ್ ಸ್ಕೂಟರೋ, ಎಲೆಕ್ಟ್ರಿಕ್ಕೋ? ಮಂಗಳೂರು–ಉಡುಪಿಯವರಿಗೆ ಒಂದು ಹೋಲಿಕೆ

ಗಾಡಿ ನೋಡುವ ಮೊದಲು ನಿಮ್ಮ ಪಾರ್ಕಿಂಗ್ ಜಾಗ ನೋಡಿ. ಅಲ್ಲಿ ಸ್ವಂತ ಪ್ಲಗ್ ಪಾಯಿಂಟ್ ಇದ್ದರೆ ಎಲೆಕ್ಟ್ರಿಕ್ ಸಲೀಸು. ಬಿಜೈ, ಕದ್ರಿ ಕಡೆಯ ಹಳೆ ಫ್ಲ್ಯಾಟ್‌ನಲ್ಲಿ ಬಾಡಿಗೆಗಿದ್ದು, ಪ್ಲಗ್ ಹಾಕಲು ಅಸೋಸಿಯೇಷನ್ ಒಪ್ಪದಿದ್ದರೆ ಪೆಟ್ರೋಲೇ ವಾಸಿ. ದಿನಾ ಚಾರ್ಜಿಂಗ್ ಹುಡುಕಿ ಅಲೆಯುವುದು ಯಾರಿಗೆ ಬೇಕು?

ಓಡಿಸುವ ಖರ್ಚಿನಲ್ಲಿ ಎಲೆಕ್ಟ್ರಿಕ್ ತುಂಬ ಮುಂದು. 100 ಕಿಲೋಮೀಟರಿಗೆ ಸುಮಾರು 3 ಯೂನಿಟ್ ಕರೆಂಟ್ ಸಾಕು. ಪೆಟ್ರೋಲ್ ಗಾಡಿಗೆ 2 ಲೀಟರಾದರೂ ಬೇಕು.

'ಕರೆಂಟೂ ಕಲ್ಲಿದ್ದಲಿನದ್ದೇ ಅಲ್ವಾ?' ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಪಡುಬಿದ್ರಿ ಪಕ್ಕದ ಎಲ್ಲೂರಿನಲ್ಲೇ 1200 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರವಿದೆ. ಹಾರುಬೂದಿಯ ಬಗ್ಗೆ ಸುತ್ತಲಿನವರು ವರ್ಷಗಳಿಂದ ದೂರುತ್ತಿದ್ದಾರೆ, ಅದನ್ನು ಮರೆಯಬಾರದು. ಆದರೂ ಲೆಕ್ಕ ಹಾಕಿ. 1 ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ದೇಶದ ಸರಾಸರಿಯಲ್ಲಿ 1 ಯೂನಿಟ್ ಕರೆಂಟಿಗೆ ಸುಮಾರು 0.7 ಕಿಲೋ. ಅಂದರೆ 100 ಕಿಲೋಮೀಟರಿಗೆ ಪೆಟ್ರೋಲ್ ಗಾಡಿಯದ್ದು ಸುಮಾರು 4.6 ಕಿಲೋ, ಎಲೆಕ್ಟ್ರಿಕ್‌ನದ್ದು 2.1 ಕಿಲೋ, ಹೆಚ್ಚುಕಡಿಮೆ ಅರ್ಧ. ನಮ್ಮ ರಾಜ್ಯದಲ್ಲಿ ಶರಾವತಿಯ ಜಲವಿದ್ಯುತ್ತೂ ಪಾವಗಡದ ಸೋಲಾರೂ ಇವೆ. ಅವುಗಳ ಪಾಲು ಹೆಚ್ಚಿದಷ್ಟೂ ಹೊಗೆ ಇಳಿಯುತ್ತದೆ.

ಬ್ಯಾಟರಿ ತಯಾರಿಸುವಾಗಲೂ ಮಾಲಿನ್ಯ ಆಗುತ್ತದೆ, ನಿಜ. ಹಾಗಾಗಿ ಅಪರೂಪಕ್ಕೆ ಗಾಡಿ ತೆಗೆಯುವವರು ಸುಮ್ನೆ ಹೊಸದು ತರಬೇಡಿ, ಇರುವುದನ್ನೇ ಓಡಿಸಿ.

ಮಳೆಗಾಲದ ಭಯವೇ? ಬ್ಯಾಟರಿಗೆ ಐಪಿ67 ಇದೆಯೇ ಕೇಳಿ. 1 ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುವ ಮಾನದಂಡ ಅದು. ಹಾಗಂತ ಪಂಪ್‌ವೆಲ್‌ನಲ್ಲಿ ನೀರು ನಿಂತಾಗ ಎರಡೂ ಗಾಡಿಯನ್ನು ಇಳಿಸಬೇಡಿ.

ಊರೊಳಗಿನ ಓಡಾಟಕ್ಕೆ ನನ್ನ ಆಯ್ಕೆ ಎಲೆಕ್ಟ್ರಿಕ್. ಉಡುಪಿಯಿಂದ ಮಂಗಳೂರಿಗೆ ದಿನಾ ಹೋಗಿಬಂದರೆ 110 ಕಿಲೋಮೀಟರ್ ಆಸುಪಾಸು. ಒಂದೇ ಚಾರ್ಜಿಗೆ ಅದು ಜಾಸ್ತಿಯೇ ಆಯಿತು. ಅವರಿಗೆ ಎರಡಕ್ಕಿಂತಲೂ ಎಕ್ಸ್‌ಪ್ರೆಸ್ ಬಸ್ಸೇ ಒಳ್ಳೆಯದು.