ಏರಾಕ್ಸ್‌ಗೆ ಯಾವ ಕೂಲಂಟ್: ರೆಡಿ ಮಿಕ್ಸೋ, ಕಾನ್ಸಂಟ್ರೇಟೋ?

ಯಮಹಾ ಏರಾಕ್ಸ್ 155 ಸ್ಕೂಟರ್ ನಮ್ಮ ರಸ್ತೆಗೆ ಇಳಿದದ್ದು 2021ರ ಸೆಪ್ಟೆಂಬರ್‌ನಲ್ಲಿ. ಆಗ ಕೊಂಡವರಿಗೆಲ್ಲ ಈಗಾಗಲೇ ಕೂಲಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ, ಬದಲಿಸುವ ಕಾಲ ಬಂದಿದೆ. ಗಾಳಿಯಿಂದಲೇ ತಣ್ಣಗಾಗುವ ಸ್ಕೂಟರ್‌ಗಳನ್ನು ಓಡಿಸಿ ಬಂದವರಿಗೆ ಇಂಥದ್ದೊಂದು ಕೆಲಸ ಇದೆ ಅನ್ನುವುದೇ ಹೊಸ ಸಂಗತಿ. ನಮ್ಮ ಮನೆಯಲ್ಲಿ ಎರಡು ಏರಾಕ್ಸ್ ಇವೆ. ನನ್ನದು ಬೆಂಗಳೂರಿನಲ್ಲಿ, ತಮ್ಮನದು ಕಲಬುರಗಿಯಲ್ಲಿ. ನನ್ನದಕ್ಕೆ ನೀರು ಬೆರೆಸಿಯೇ ಬರುವ ರೆಡಿ ಮಿಕ್ಸ್ ತುಂಬಿದೆ. ತಮ್ಮನ ಗಾಡಿಗೆ ನೀರು ಬೆರೆಸದ ಗಟ್ಟಿ ಕೂಲಂಟ್, ಅಂದರೆ ಕಾನ್ಸಂಟ್ರೇಟ್ ತಂದು ಡಿಸ್ಟಿಲ್ಡ್ ವಾಟರ್ ಬೆರೆಸಿ ಹಾಕಿದೆವು. ಎರಡೂ ಬೇಸಿಗೆ ದಾಟಿ ಬಂದಿವೆ.

ನನ್ನ ಮಟ್ಟಿಗೆ ರೆಡಿ ಮಿಕ್ಸೇ ಮೇಲು. ಆದರೆ ಅದು ಇಂಜಿನನ್ನು ಹೆಚ್ಚು ತಣ್ಣಗಿಡುತ್ತದೆ ಅಂತಲ್ಲ. ಗನ್ ಥರ್ಮಾಮೀಟರ್ ಹಿಡಿದು ಹೋಸ್‌ಗಳ ಬಿಸಿ ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾಣಬೇಕಾಗಿಯೂ ಇಲ್ಲ. ಇಂಜಿನ್ ಎಷ್ಟು ಬಿಸಿಯಾದಾಗ ಕೂಲಂಟ್ ತನ್ನ ಬಿಸಿ ಗಾಳಿಗೆ ಬಿಡಲು ರೇಡಿಯೇಟರ್‌ಗೆ ಹೋಗಬೇಕು ಅನ್ನುವುದನ್ನು ನಿರ್ಧರಿಸುವುದು ಥರ್ಮೋಸ್ಟಾಟ್, ಕೂಲಂಟಿನ ಬ್ರ್ಯಾಂಡ್ ಅಲ್ಲ. ಏರಾಕ್ಸ್‌ನ ರೇಡಿಯೇಟರ್ ಇಂಜಿನ್ನಿನ ಬಲಗಡೆಗೇ ಅಂಟಿಕೊಂಡಿದೆ. ಅದರ ಫ್ಯಾನ್ ಇಂಜಿನ್ನಿನ ಕ್ರ್ಯಾಂಕ್ ದಂಡದ ಜೊತೆಗೇ ತಿರುಗುವುದರಿಂದ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಐಡ್ಲಿಂಗ್‌ನಲ್ಲಿ ನಿಂತಾಗ ಗಾಳಿಯೂ ಕಡಿಮೆಯೇ. ಅಲ್ಲಿ ಕೆಲಸಕ್ಕೆ ಬರುವುದು ಕೆಸರು ಕಟ್ಟಿಕೊಳ್ಳದ ರೇಡಿಯೇಟರ್ ಫಿನ್‌ಗಳು, ಒಳಗೆ ಗಾಳಿಗುಳ್ಳೆ ಉಳಿಯದ ಕೂಲಂಟ್.

ಬೆಸ್ಟ್ ಯಾವುದು ಅನ್ನುವ ಜಗಳವೆಲ್ಲ ಕೊನೆಗೆ ನೀರಿನ ಹತ್ತಿರ ಬಂದು ನಿಲ್ಲುತ್ತದೆ. ಕಾನ್ಸಂಟ್ರೇಟ್ ತಂದವರು ನೀರು ತಾವೇ ಹಾಕಬೇಕು, ತಪ್ಪುವುದು ಅಲ್ಲೇ. ಬೋರ್‌ವೆಲ್ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಗೀಸರಿನಲ್ಲಿ ಬಿಳಿ ಪದರ ಕಟ್ಟುವ ಹಾಗೆ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಕಟ್ಟುತ್ತವೆ. ಕೂಲಂಟಿನಲ್ಲಿ ಫಾಸ್ಫೇಟ್ ಇದ್ದರಂತೂ ಬೇಗ. ಮನೆಯ ಆರ್‌ಓ ನೀರು ಸಾಕಲ್ಲ ಅನ್ನುವವರಿದ್ದಾರೆ. ಸಾಲದು. ಕುಡಿಯಲು ರುಚಿ ಇರಲಿ ಅಂತ ಬಹಳಷ್ಟು ಆರ್‌ಓ ಯಂತ್ರಗಳು ಖನಿಜವನ್ನು ವಾಪಸ್ ಬೆರೆಸುತ್ತವೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಯಾವ ಬ್ಯಾಟರಿ ಅಂಗಡಿಯಲ್ಲೂ ಸಿಗುತ್ತದೆ, ಅದನ್ನೇ ತನ್ನಿ. ಬ್ಯಾಟರಿ ಆಸಿಡ್ ಕ್ಯಾನ್ ಕೂಡ ಅದೇ ಶೆಲ್ಫ್‌ನಲ್ಲಿರುತ್ತದೆ, ಲೇಬಲ್ ಓದಿ ತಗೊಳ್ಳಿ. ರೆಡಿ ಮಿಕ್ಸ್‌ನಲ್ಲಿ ಈ ತಲೆನೋವಿಲ್ಲ. ಒಳಗಿರುವ ನೀರು ಮೊದಲೇ ಖನಿಜ ತೆಗೆದದ್ದು.

ಕಾನ್ಸಂಟ್ರೇಟ್ ಪರವಾಗಿ ಗಟ್ಟಿ ವಾದವೂ ಇದೆ. ಕಾನ್ಸಂಟ್ರೇಟಿನ ಮುಖ್ಯ ಅಂಶವಾದ ಎಥಿಲಿನ್ ಗ್ಲೈಕಾಲ್ ನೀರಿನ ಜೊತೆ ಅರ್ಧಕ್ಕರ್ಧ ಬೆರೆತರೆ ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ಕಲಬುರಗಿಗೆ ಅದು ಯಾಕೆ ಬೇಕು? ಶಾಖ ಹೊರುವುದರಲ್ಲಿ ಗ್ಲೈಕಾಲ್‌ಗಿಂತ ನೀರೇ ಮುಂದು. ಅದಕ್ಕೇ ತಮ್ಮನ ಗಾಡಿಗೆ 40 ಪಾಲು ಕಾನ್ಸಂಟ್ರೇಟ್, 60 ಪಾಲು ನೀರು. ಕಾನ್ಸಂಟ್ರೇಟನ್ನು ಮೂರನೇ ಒಂದು ಭಾಗಕ್ಕಿಂತ ಕೆಳಗೆ ಮಾತ್ರ ಇಳಿಸಬೇಡಿ. ತುಕ್ಕು ತಡೆಯುವ ರಾಸಾಯನಿಕ ಬರುವುದು ಆ ಕಾನ್ಸಂಟ್ರೇಟ್ ಜೊತೆಗೇ, ಅಲ್ಯೂಮಿನಿಯಂ ಇಂಜಿನ್‌ಗೆ ಅದೇ ಕಾವಲು. ಇನ್ನೊಂದು ಲಾಭ ಕೆಲಸಕ್ಕೆ ಕೂತಾಗ ಗೊತ್ತಾಯಿತು. ಡಿಸ್ಟಿಲ್ಡ್ ವಾಟರ್‌ನಲ್ಲಿ ಒಳಭಾಗ ತೊಳೆದು ಫ್ಲಶ್ ಮಾಡಿದ ಮೇಲೆ ಒಂದಿಷ್ಟು ನೀರು ಸಿಲಿಂಡರ್ ಸುತ್ತಲಿನ ದಾರಿಗಳಲ್ಲಿ ಉಳಿದೇ ಉಳಿಯುತ್ತದೆ. ಕಾನ್ಸಂಟ್ರೇಟ್ ಆದರೆ ಮಿಶ್ರಣವನ್ನು ಸ್ವಲ್ಪ ಗಟ್ಟಿ ಮಾಡಿ ಸರಿದೂಗಿಸಬಹುದು. ರೆಡಿ ಮಿಕ್ಸ್ ತೆಳ್ಳಗಾಗಿಬಿಡುತ್ತದೆ. ನನ್ನ ಗಾಡಿಯ ಹಳೇ ಕೂಲಂಟ್ ತಿಳಿಯಾಗಿ ಇಳಿದದ್ದರಿಂದ ನೀರಿನ ಫ್ಲಶ್ ಬೇಡವೆಂದು ಬಿಟ್ಟೆ. ಕಂದು ಬಣ್ಣದ ಗಸಿ ಬಂದಿದ್ದರೆ ಬಿಡುತ್ತಿರಲಿಲ್ಲ.

ದುಡ್ಡಿನ ಲೆಕ್ಕದಲ್ಲಿ ಕಾನ್ಸಂಟ್ರೇಟ್ ಅಗ್ಗ, ಆದರೆ ಈ ಸ್ಕೂಟರ್ ಕುಡಿಯುವುದು ಲೀಟರಿಗಿಂತ ಕಡಿಮೆ. ಒಂದು ಲೀಟರ್ ರೆಡಿ ಮಿಕ್ಸ್ ತಂದರೆ ಟಾಪ್ ಅಪ್‌ಗೂ ಮಿಗುತ್ತದೆ. ಒಂದು ಲೀಟರ್ ಕಾನ್ಸಂಟ್ರೇಟ್ ಬೆರೆಸಿದರೆ ಎರಡು ಲೀಟರಿಗೂ ಮೇಲೆ. ಮನೆಯಲ್ಲಿ ಅದೇ ಕೂಲಂಟ್ ಒಪ್ಪುವ ಕಾರೂ ಇದ್ದರೆ ಸರಿ, ಇಲ್ಲದಿದ್ದರೆ ಮೂಲೆಯಲ್ಲಿ ಕೂರುತ್ತದೆ.

ಯಾವುದೇ ತನ್ನಿ, ಬಣ್ಣ ನಂಬಿ ತರಬೇಡಿ. ಹಸಿರು, ನೀಲಿ, ಗುಲಾಬಿ ಇವಕ್ಕೆಲ್ಲ ಎಲ್ಲರೂ ಒಪ್ಪಿದ ಅರ್ಥವೇ ಇಲ್ಲ. ಲೇಬಲ್ ಮೇಲೆ ಅಲ್ಯೂಮಿನಿಯಂ ಇಂಜಿನ್‌ಗೆ ಸರಿ ಅಂತ ಇರಬೇಕು. ಸಿಲಿಕೇಟ್ ಇಲ್ಲದ್ದಾದರೆ ವಾಟರ್ ಪಂಪ್ ಸೀಲ್‌ಗೆ ಒಳ್ಳೆಯದು. ಹಳೆಯದರ ಮೇಲೆ ಬೇರೆ ಜಾತಿಯದನ್ನು ಸುರಿದರೆ ಎರಡೂ ಸೇರಿ ಗಟ್ಟಿಯಾಗುವ ಅಪಾಯವಿದೆ.

ತುಂಬುವ ಕೆಲಸದಲ್ಲಿ ಎರಡಕ್ಕೂ ಭೇದವಿಲ್ಲ. ಅವಸರ ಮಾತ್ರ ಕೂಡದು. ಇಂಜಿನ್ ಪೂರ್ತಿ ಆರಿದ ಮೇಲೆಯೇ ರೇಡಿಯೇಟರ್ ಕ್ಯಾಪ್ ತೆಗೆಯಬೇಕು. ಬಿಸಿಯಲ್ಲಿ ತೆಗೆದರೆ ಒತ್ತಡಕ್ಕೆ ಚಿಮ್ಮಿ ಮುಖ ಸುಡುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಸಣ್ಣ ಧಾರೆಯಲ್ಲಿ ಸುರಿಯುತ್ತ, ನಡುನಡುವೆ ಹೋಸ್ ಹಿಂಡುತ್ತ ಹೋಗಿ. ಗುಳ್ಳೆ ಬಂದಂತೆ ಮಟ್ಟ ಇಳಿಯುತ್ತದೆ, ಮತ್ತೆ ತುಂಬಿ. ಇಂಜಿನ್ ಸ್ವಲ್ಪ ಹೊತ್ತು ಓಡಿಸಿ, ಗಾಡಿಯನ್ನು ಆಚೀಚೆ ತೂಗಿ, ಇನ್ನೊಮ್ಮೆ ನೋಡಿ. ಆಮೇಲೆ ಕ್ಯಾಪ್ ಹಾಕಿ, ಹೆಚ್ಚುವರಿ ಕೂಲಂಟ್ ನಿಲ್ಲುವ ರಿಸರ್ವ್ ಡಬ್ಬಿಯ ಮಟ್ಟ ನೋಡಿ. ಮಾರನೇ ದಿನ ತಣ್ಣಗಿರುವಾಗ ಎರಡನ್ನೂ ಮತ್ತೆ ಪರೀಕ್ಷಿಸಿ. ತಮ್ಮನ ಗಾಡಿಯಲ್ಲಿ ಡಬ್ಬಿಯ ಮಟ್ಟ ಬೆಳಗಾಗುವಷ್ಟರಲ್ಲಿ ಚೆನ್ನಾಗಿಯೇ ಇಳಿದಿತ್ತು.

ಇಳಿಸಿದ ಹಳೇ ಕೂಲಂಟನ್ನು ಮೋರಿಗೆ ಚೆಲ್ಲಬೇಡಿ. ಎಥಿಲಿನ್ ಗ್ಲೈಕಾಲ್ ಸಿಹಿ, ಬೀದಿನಾಯಿ ನೆಕ್ಕಿದರೆ ಕಿಡ್ನಿ ಕೆಟ್ಟು ಸಾಯುತ್ತದೆ. ಮುಚ್ಚಳ ಬಿಗಿದ ಕ್ಯಾನಿನಲ್ಲಿ ತುಂಬಿ, ಹಳೇ ಕೂಲಂಟ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಸರ್ವಿಸ್ ಸೆಂಟರಿನಲ್ಲೇ ಮಾಡಿಸುತ್ತೇನೆ ಅನ್ನುವವರಿಗೆ ಒಂದು ಮಾತು. ಗೆಳೆಯನೊಬ್ಬನ ಬಿಲ್ಲಿನಲ್ಲಿ ಕೂಲಂಟ್ ಚೇಂಜ್ ಅಂತ ಇತ್ತು. ಹಳೇ ಕೂಲಂಟ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟ್ ಮೇಲೆ ಧೂಳಿನ ಪದರ ಕದಲಿರಲೇ ಇಲ್ಲ, ರಿಸರ್ವ್ ಡಬ್ಬಿಗೆ ಮಾತ್ರ ಹೊಸದು ಸುರಿದು ಕಳಿಸಿದ್ದರು. ಎದುರಿಗೇ ನಿಂತು ಡ್ರೈನ್ ಮಾಡಿಸಿ, ಬೋಲ್ಟಿಗೆ ಹೊಸ ವಾಷರ್ ಕೇಳಿ.