ಸರ್ಟಿಫಿಕೇಟ್ ಇರುವ ಟೆಕ್ನಿಷಿಯನ್‌ನನ್ನು ಕರೆಸಿದ ಮೇಲೆ ನಮ್ಮ ಏಸಿ

ಮಹಡಿಯ ಕೋಣೆಗೆ ಹಾಕಿಸಿದ ಏಸಿ ಎರಡು ವರ್ಷ ನಮ್ಮನ್ನು ಸತಾಯಿಸಿತು. ಸೆಕೆಗೆ ತಂಪು, ಚಳಿಗೆ ಬಿಸಿ ಎರಡನ್ನೂ ಕೊಡುವ ಹೀಟ್ ಪಂಪ್ ಅದು. ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಇತ್ತು. ಆಮೇಲೆ ತಂಪು ಕಮ್ಮಿಯಾಯಿತು. ಹಾಕಿಕೊಟ್ಟವರನ್ನೇ ಕರೆಸಿದರೆ ‘ಗ್ಯಾಸ್ ಖಾಲಿಯಾಗಿದೆ’ ಅಂತ ತುಂಬಿಸಿ ಹೋಗುತ್ತಿದ್ದರು. ಹೀಗೆ ಮೂರು ಸಲ ಆಯಿತು. ಕೊನೆಗೆ, ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ಪಡೆದವರನ್ನೇ ಕಳಿಸುವ ಬೇರೊಂದು ಸರ್ವಿಸ್‌ಗೆ ಫೋನ್ ಮಾಡಿದೆ. ಈಗ ಬರೆಯುತ್ತಿರುವುದು ಅವರ ಕೆಲಸದ ಬಗ್ಗೆ.

ಬಂದವರು ಮೊದಲು ಹೇಳಿದ ಮಾತೇ ನನಗೆ ಹೊಸದು. ಏಸಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಾ ಇರುತ್ತದೆ. ಕಮ್ಮಿಯಾಗಿದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಮೂರು ಸಲ ಬಂದವರು ಒಂದು ಸಲವೂ ಸೋರಿಕೆ ಹುಡುಕಿರಲಿಲ್ಲ ಅಲ್ವಾ, ನನಗೆ ಬೇಜಾರಾಗಿದ್ದು ಅದಕ್ಕೆ.

ಅವರು ಉಳಿದಿದ್ದ ಗ್ಯಾಸನ್ನು ಗಾಳಿಗೆ ಬಿಡದೆ ಮಷಿನ್ ಇಟ್ಟು ಸಿಲಿಂಡರ್‌ಗೆ ಎಳೆದುಕೊಂಡರು. ಪೈಪಿಗೆ ನೈಟ್ರೋಜನ್ ಒತ್ತಡ ಕೊಟ್ಟು ಒಂದೊಂದು ಜಾಯಿಂಟ್‌ಗೂ ಸೋಪಿನ ನೀರು ಹಚ್ಚಿದರು. ಒಳಗಿನ ಯೂನಿಟ್ ಹಿಂದೆ, ಪೈಪಿನ ಅಗಲಿಸಿದ ತುದಿಯನ್ನು ಬಿಗಿದು ಹಿಡಿಯುವ ಫ್ಲೇರ್ ನಟ್ ಹತ್ತಿರ ಸಣ್ಣ ಗುಳ್ಳೆಗಳು ಎದ್ದವು. ನಟ್ ಬಿಚ್ಚಿದರೆ ತಾಮ್ರದ ಅಂಚು ಬಿರುಕು ಬಿಟ್ಟಿತ್ತು. ಕೈ ಅಂದಾಜಿನಲ್ಲಿ ಜಾಸ್ತಿ ಬಿಗಿದರೆ ಹೀಗಾಗುತ್ತದಂತೆ. ಆ ತುದಿ ಕತ್ತರಿಸಿ, ಹೊಸದಾಗಿ ಅಗಲಿಸಿ, ಕಂಪನಿ ಹೇಳಿದ ಅಳತೆಗೆ ಟಾರ್ಕ್ ವ್ರೆಂಚ್‌ನಲ್ಲಿ (ಎಷ್ಟು ಬಲ ಬೀಳಬೇಕೋ ಅಷ್ಟೇ ಅಳೆದು ಬಿಗಿಯುವ ಸ್ಪ್ಯಾನರ್) ಬಿಗಿದರು.

ಆಮೇಲೆ ವ್ಯಾಕ್ಯೂಮ್, ಅಂದರೆ ಪೈಪಿನೊಳಗಿನ ಗಾಳಿ, ತೇವ ಎಲ್ಲವನ್ನೂ ಪಂಪಿನಿಂದ ಎಳೆದು ತೆಗೆಯುವುದು. ಹಿಂದಿನವರು ಪಂಪನ್ನು ಹತ್ತು ನಿಮಿಷ ಓಡಿಸಿ ನಿಲ್ಲಿಸಿದ್ದು ನನಗೆ ನೆನಪಿದೆ, ಮೀಟರ್ ಇರಲೇ ಇಲ್ಲ. ಇವರು ಮೀಟರ್ ಹಾಕಿ 500 ಮೈಕ್ರಾನ್‌ಗಿಂತ ಕೆಳಗೆ ಬರುವವರೆಗೆ ಬಿಡಲಿಲ್ಲ (ಮೈಕ್ರಾನ್ ಅಂದರೆ ಇಲ್ಲಿ ಒತ್ತಡದ ಅಳತೆ; ಹೊರಗಿನ ಗಾಳಿಯ ಒತ್ತಡ ಸುಮಾರು 7,60,000 ಮೈಕ್ರಾನ್, ಅದಕ್ಕೆ ಹೋಲಿಸಿ ನೋಡಿ), ಪಂಪ್ ಬಂದ್ ಮಾಡಿ ಮುಳ್ಳು ಮತ್ತೆ ಮೇಲೇರುತ್ತದಾ ಅಂತ ಕಾದು ಕೂತರು. ಪೈಪಿನಲ್ಲಿ ತೇವ ಉಳಿದರೆ ಕಂಪ್ರೆಸರ್ ಎಣ್ಣೆ ಜೊತೆ ಸೇರಿ ಆಸಿಡ್ ಆಗುತ್ತದೆ. ಅದು ಇವತ್ತು ಕಾಣುವುದಿಲ್ಲ, ವರ್ಷಗಳಾದ ಮೇಲೆ ಕಂಪ್ರೆಸರ್ ಹೋದಾಗ ಗೊತ್ತಾಗುತ್ತದೆ. ಕೊನೆಗೆ ಯೂನಿಟ್ ಪ್ಲೇಟಿನ ಮೇಲೆ ಬರೆದಷ್ಟು ಗ್ರಾಂ, ಜೊತೆಗೆ ಪೈಪ್ ಉದ್ದಕ್ಕೆ ತಕ್ಕಷ್ಟು, ತಕ್ಕಡಿಯಲ್ಲಿ ತೂಗಿ ತುಂಬಿಸಿದರು. ಗೇಜ್ ನೋಡಿ ಸುಮ್ನೆ ‘ಸಾಕು’ ಅನ್ನಲಿಲ್ಲ.

ನಮ್ಮ ಏಸಿಯಲ್ಲಿರುವ ಗ್ಯಾಸಿನ ಹೆಸರು ಆರ್-32. ಈ ಗ್ಯಾಸ್ ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ 675 ಪಟ್ಟು ಭೂಮಿ ಬಿಸಿ ಮಾಡುತ್ತದೆ, ಸ್ವಲ್ಪ ಮಟ್ಟಿಗೆ ಬೆಂಕಿಯೂ ಹಿಡಿಯುತ್ತದೆ. ಅದು ಮನೆಯೊಳಗೇ ಸೋರುತ್ತಿತ್ತು. ಅಮೆರಿಕದಲ್ಲಿ ಇಂಥ ಗ್ಯಾಸಿಗೆ ಕೈ ಹಾಕಲು ‘608’ ಎಂಬ ಸರ್ಟಿಫಿಕೇಟ್ ಬೇಕೇ ಬೇಕು, ಯುರೋಪ್‌ನಲ್ಲೂ ಅಂಥದ್ದೇ ಕಾನೂನಿದೆ. ಯಾಕೆ ಅಂತ ನನಗೆ ಅವತ್ತು ಅರ್ಥವಾಯಿತು.

ಆದರೆ ಒಂದು ಮಾತು ಹೇಳಲೇಬೇಕು. ಆ 608 ಪರೀಕ್ಷೆ ಗ್ಯಾಸನ್ನು ಸರಿಯಾಗಿ ಬಳಸುವುದಕ್ಕೆ ಸಂಬಂಧಿಸಿದ್ದು, ಕೋಣೆಗೆ ಎಷ್ಟು ಟನ್ (ತಂಪು ಮಾಡುವ ಶಕ್ತಿಯ ಅಳತೆ) ಬೇಕು ಅನ್ನುವ ಲೆಕ್ಕ ಬರುತ್ತದೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ. ಹಾಗಾಗಿ ‘ಸರ್ಟಿಫಿಕೇಟ್ ಇದೆಯಾ’ ಅಂತ ಕೇಳಿದರೆ ಸಾಲದು, ಯಾವುದಕ್ಕೆ ಅಂತಲೂ ಕೇಳಬೇಕು. ಯೂನಿಟ್ ಮೇಲಿನ ಕರೆಂಟ್ ಉಳಿತಾಯದ ರೇಟಿಂಗ್ ಕೂಡ ಲ್ಯಾಬ್‌ನಲ್ಲಿ ಸರಿಯಾಗಿ ಜೋಡಿಸಿ ಅಳೆದಿದ್ದು. ಅಷ್ಟೆಲ್ಲ ಒಳ್ಳೆ ರೇಟಿಂಗ್ ನೋಡಿ ತಂದ ನಮ್ಮ ಯೂನಿಟ್ ಅರ್ಧ ಗ್ಯಾಸಿನಲ್ಲಿ ಓಡುತ್ತಿತ್ತು, ಚಳಿಗಾಲದಲ್ಲಿ ಹೊರಗಿನ ಯೂನಿಟ್ ತುಂಬಾ ಮಂಜುಗಟ್ಟುತ್ತಿತ್ತು.

ನಾನು ಕೇಳಿದ್ದಕ್ಕೆ ಕೋಣೆಯ ಲೆಕ್ಕವನ್ನೂ ಹಾಕಿಕೊಟ್ಟರು. ಕಿಟಕಿ ಯಾವ ದಿಕ್ಕಿಗಿದೆ, ಮೇಲೆ ತಾರಸಿ ಇದೆಯಾ, ಎಷ್ಟು ಜನ ಮಲಗುತ್ತೀರಿ, ಎಲ್ಲ ಕೇಳಿದರು. ನಮಗೆ ಒಂದೂವರೆ ಟನ್ ಸಾಕಿತ್ತು, ಹಾಕಿರುವುದು ಎರಡು ಟನ್. ದೊಡ್ಡ ಯೂನಿಟ್ ಬೇಗ ತಂಪು ಮಾಡಿ ನಿಂತುಬಿಡುತ್ತದೆ, ಗಾಳಿಯಲ್ಲಿನ ತೇವ ತೆಗೆಯಲು ಅದಕ್ಕೆ ಸಮಯ ಸಿಗುವುದಿಲ್ಲ. ಕೋಣೆ ತಣ್ಣಗಿದ್ದರೂ ಮೈ ಅಂಟಂಟು ಅನ್ನುತ್ತಿದ್ದದ್ದು ಅದಕ್ಕೇ.

ಕೊರತೆಯೂ ಇದೆ. ಬೆಳಿಗ್ಗೆ ಶುರುವಾದ ಕೆಲಸ ಸಂಜೆಯವರೆಗೆ ಹೋಯಿತು. ಸರ್ಟಿಫಿಕೇಟ್ ಕಾರ್ಡ್ ಇದ್ದದ್ದು ಹಿರಿಯರ ಹತ್ತಿರ ಮಾತ್ರ, ಜೊತೆಗೆ ಬಂದ ಹುಡುಗನಿಗೆ ಇನ್ನೂ ಪರೀಕ್ಷೆ ಆಗಿಲ್ಲ. ಪೈಪ್ ಕೆಲಸಕ್ಕೆ ಅವನನ್ನು ಒಬ್ಬನೇ ಬಿಡಲಿಲ್ಲ ಅನ್ನುವುದು ಸಮಾಧಾನ. ನೀವು ಕರೆಸಿದರೆ ಆಫೀಸಿನ ಗೋಡೆ ಮೇಲಿರುವುದನ್ನಲ್ಲ, ಮನೆಗೆ ಬಂದವರ ಹೆಸರಿರುವ ಕಾರ್ಡನ್ನೇ ನೋಡಿ. ಒತ್ತಡ, ವ್ಯಾಕ್ಯೂಮ್, ತುಂಬಿಸಿದ ಗ್ರಾಂ, ಎಲ್ಲವನ್ನೂ ಬರೆದುಕೊಡಲು ಹೇಳಿ. ಇವರು ಕೇಳದೇ ಬರೆದುಕೊಟ್ಟರು.

ಎರಡು ಬೇಸಿಗೆ ಕಳೆಯಿತು, ಗ್ಯಾಸ್ ತುಂಬಿಸಿಲ್ಲ. ಈ ವರ್ಷದ ಸರ್ವಿಸ್‌ನಲ್ಲಿ ಅದೇ ಹಾಳೆ ಇಟ್ಟುಕೊಂಡು ಮತ್ತೆ ಅಳೆದರು, ಹೆಚ್ಚು ಕಮ್ಮಿ ಅದೇ ಅಂಕಿ. ಅಂಟಂಟು ಮಾತ್ರ ಪೂರ್ತಿ ಹೋಗಿಲ್ಲ, ಮಳೆಗಾಲದಲ್ಲಿ ಡ್ರೈ ಮೋಡ್‌ನಲ್ಲಿ ಓಡಿಸುತ್ತೇವೆ. ಆ ಯೂನಿಟ್ ಬದಲಿಸುವ ದಿನಕ್ಕೆ ಒಂದೂವರೆ ಟನ್ ಲೆಕ್ಕದ ಹಾಳೆಯನ್ನು ಎತ್ತಿಟ್ಟಿದ್ದೇನೆ.